ಪಕ್ಕದ ಸೈಟಿನಲ್ಲಿ ಬಂಡೆ ಕೊರೆದು ಮದ್ದು ಹೊಡೆಯುತ್ತಿದ್ದಾರೆ, ಧೂಳು ಮನೆಯೊಳಗೆ. ಯಾರನ್ನು ಕೇಳಬೇಕು, ಏನಂತ ಕೇಳಬೇಕು?

ಸೂಜಿದಾರ (ದಾವಣಗೆರೆ)

ನಮಸ್ಕಾರ. ಗಣಿ ಕೆಲಸ, ಕಟ್ಟಡ ಕೆಲಸ ಗೊತ್ತಿರುವವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವುದು ಹದಡಿ ರಸ್ತೆ ಕಡೆಯ ಒಂದು ಅಡ್ಡರಸ್ತೆಯಲ್ಲಿ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬ್ಲೌಸು, ಫಾಲ್ಸು, ಕುಚ್ಚು, ಮದುವೆ ಸೀಸನ್ನಿನಲ್ಲಿ ಲೆಹೆಂಗಾ. ನಮ್ಮ ಮನೆಯಿಂದ ಮೂಡಲಿಗೆ ಒಂದು ಖಾಲಿ ಸೈಟು ಬಿಟ್ಟು ದೊಡ್ಡ ಕಾಂಪ್ಲೆಕ್ಸ್ ಬರುತ್ತಿದೆ. ನೆಲದ ಕೆಳಗೇ ಎರಡು ಅಂತಸ್ತು ಪಾರ್ಕಿಂಗ್ ಅಂತೆ. ಮೇಲಿನ ಕಪ್ಪುಮಣ್ಣು, ಅದರ ಕೆಳಗಿನ ಗರಸು ಜೆಸಿಬಿಗೆ ಸಲೀಸಾಗಿ ಬಂತು. ಆಮೇಲೆ ಬಂಡೆ ಸಿಕ್ಕಿತು. ಅಲ್ಲಿಂದ ಶುರುವಾಯಿತು ನಮ್ಮ ಪಾಡು.

ಮೊದಲು ಬ್ರೇಕರ್ ಹಾಕಿದ ಹಿಟಾಚಿ ತಂದು ಕುಟ್ಟಿದರು. ಬಂಡೆ ಬಗ್ಗಲಿಲ್ಲ. ಈಗ ಕಂಪ್ರೆಸರ್ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬೆಳಗ್ಗೆಯಿಂದ ತೂತು ಕೊರೆಯುತ್ತಾರೆ, ಸಂಜೆ ಮೇಲೆ ಮರಳಿನ ಮೂಟೆ, ಹಳೇ ಟೈರು ಹೊದಿಸಿ ಮದ್ದು ಹೊಡೆಯುತ್ತಾರೆ. ಸೀಟಿ ಊದುತ್ತಾರೆ, ಕೆಂಪು ಬಾವುಟ ಹಿಡಿಯುತ್ತಾರೆ, ಅದೆಲ್ಲ ಸರಿ. ಬೀದಿಯ ಜನಕ್ಕೆಲ್ಲ ಸಿಟ್ಟು ಇರುವುದು ಆ "ಧಡ್" ಅನ್ನುವ ಸದ್ದಿನ ಮೇಲೆ. ಗೋಡೆ ಬಿರುಕು ಬಿಟ್ಟೀತು ಅಂತ ಹೆದರಿಕೆ. ನನ್ನ ಚಿಂತೆ ಬೇರೆ. ಧೂಳು.

ಧೂಳು ಅಂದರೆ ರಸ್ತೆ ಮಣ್ಣಿನ ಕೆಂಪು ಧೂಳಲ್ಲ. ಬಿಳಿ. ಟಾಲ್ಕಂ ಪೌಡರಿಗಿಂತ ನುಣುಪು. ನಮ್ಮ ಮೆಷಿನ್ನಿನ ಶಟಲ್ ಬಿಚ್ಚಿ ಎಣ್ಣೆ ಹಾಕುವುದು ವಾರಕ್ಕೊಂದು ಸಲದ ಕೆಲಸ. ಈಗ ದಿನಾ ಬಿಚ್ಚಬೇಕು. ಬಾಬಿನ್ ಕೇಸಿನ ಸುತ್ತ ಎಣ್ಣೆ ಮತ್ತು ಕಲ್ಲಿನ ಪುಡಿ ಸೇರಿ ಬೂದು ಬಣ್ಣದ ಪೇಸ್ಟ್ ಆಗಿರುತ್ತದೆ. ಬೆರಳಲ್ಲಿ ಉಜ್ಜಿದರೆ ಕರಕರ ಅನ್ನುತ್ತದೆ. ದಾರ ಸವೆದು ತುಂಡಾಗುತ್ತದೆ. ಕಬ್ಬಿಣದ ಶಟಲ್ಲನ್ನೇ ತಿನ್ನುವ ಪುಡಿ ನಮ್ಮ ಅತ್ತೆಯ ಎದೆಯೊಳಗೆ ಏನು ಮಾಡುತ್ತಿದೆಯೋ ಅಂತ ಯೋಚನೆ ಬಂದಿದ್ದೇ ಅಲ್ಲಿಂದ. ಅತ್ತೆಗೆ ಮೊದಲಿಂದಲೂ ಉಬ್ಬಸ. ಚಳಿಗಾಲ ಕಳೆದರೆ ಪಂಪು ಕೈಬಿಡುತ್ತಿದ್ದವರು. ಈ ವರ್ಷ ಸಂಕ್ರಾಂತಿ ಕಳೆದರೂ ಪಂಪು ದಿಂಬಿನ ಪಕ್ಕದಲ್ಲೇ ಇದೆ.

ಮಾವ ಹತ್ತಿ ಮಿಲ್ಲಿನಲ್ಲಿ ಇದ್ದವರು. "ನಾವು ಕುಡಿದ ಧೂಳಿನ ಮುಂದೆ ಇದೇನು ಮಹಾ" ಅನ್ನುತ್ತಾರೆ, ಅಂದ ಕೂಡಲೇ ಕೆಮ್ಮುತ್ತಾರೆ. ಅವರ ಮಾತನ್ನು ಪಕ್ಕಕ್ಕಿಡಿ.

ಸೈಟಿನ ಮೇಲ್ವಿಚಾರಕರ ಹತ್ತಿರ ಹೋಗಿ ಕೇಳಿದೆ. "ಮದ್ದು ಹೊಡೆಯೋದು ಒಂದು ನಿಮಿಷ ಅಕ್ಕ, ಕಿಟಕಿ ಹಾಕ್ಕೊಳ್ಳಿ" ಅಂದರು. ಅವರ ಮಾತು ನಿಜವಾ ಅಂತ ನೋಡಲು ನನಗೆ ತಿಳಿದ ರೀತಿಯಲ್ಲಿ ಒಂದು ಪರೀಕ್ಷೆ ಮಾಡಿದೆ. ಲೈನಿಂಗಿಗೆ ತಂದ ಬಿಳಿ ಪಾಪ್ಲಿನ್ನಿನಲ್ಲಿ ಅಂಗೈ ಅಗಲದ ತುಂಡು ಕತ್ತರಿಸಿ, ಸ್ವಲ್ಪ ಒದ್ದೆ ಮಾಡಿ, ಮೂಡಲ ಕಿಟಕಿಗೆ ಒಂದು, ಪಡುವಲ ಕಿಟಕಿಗೆ ಒಂದು ಪಿನ್ ಹಾಕಿದೆ. ಬೆಳಗ್ಗೆ ಹಾಕಿದ್ದನ್ನು ಮದ್ದು ಹೊಡೆಯುವ ಮೊದಲು ತೆಗೆದೆ, ಬೇರೆ ತುಂಡು ಹಾಕಿ ಮದ್ದು ಆದಮೇಲೆ ತೆಗೆದೆ. ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ತಾರೀಕು, ಹೊತ್ತು, ಆಗ ಸೈಟಿನಲ್ಲಿ ಏನು ನಡೀತಿತ್ತು ಅಂತ ಬರೆದಿಟ್ಟೆ.

ನೋಡಿದರೆ ಸಂಜೆಯ ತುಂಡು ಸ್ವಲ್ಪ ಮಾಸಿರುತ್ತದೆ, ಅಷ್ಟೇ. ಬೂದಿ ಬಳಿದ ಹಾಗೆ ಆಗಿರುವುದು ಬೆಳಗಿನ ತುಂಡು, ಅಂದರೆ ತೂತು ಕೊರೆಯುವ ಹೊತ್ತಿನದು. ಮಾರನೇ ದಿನ ಟಿಪ್ಪರಿಗೆ ಕಲ್ಲು ತುಂಬಿ ಸಾಗಿಸುವಾಗ ಹಾಕಿದ್ದೂ ಹಾಗೇ. ಆ "ಧಡ್" ಇಲ್ಲದ ಹೊತ್ತಿನಲ್ಲೇ ಜಾಸ್ತಿ ಧೂಳು ಬರುತ್ತಿದೆ, ನಾವು ಮಾತ್ರ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂತಿದ್ದೇವೆ.

ಈಗ ಪ್ರಶ್ನೆ. ಈ ಬಿಳಿ ಪುಡಿ ನಿಜಕ್ಕೂ ಅಪಾಯದ್ದಾ, ಅಥವಾ ನಾನು ಸುಮ್ನೆ ಹೆದರುತ್ತಿದ್ದೇನಾ? ಒಂದೊಂದು ದಿನ ಮದ್ದಿನ ಹೊಗೆ ಬೂದು ಬಣ್ಣಕ್ಕೆ ಇರುತ್ತದೆ, ಒಂದೊಂದು ದಿನ ಕಂದು ಕೇಸರಿ. ಕೇಸರಿ ಹೊಗೆ ಮೇಲೆ ಹೋಗದೆ ಗುಂಡಿಯಲ್ಲೇ ಕೂತಿರುತ್ತದೆ, ಮೂಗಿಗೆ ಚುರ್ ಅನ್ನುತ್ತದೆ. ಅದೇನು? ಮೊಬೈಲಿನಲ್ಲಿ ದಾವಣಗೆರೆ ಗಾಳಿ ನೋಡಿದರೆ ಹಸಿರು ತೋರಿಸುತ್ತದೆ, ಅದನ್ನು ನಂಬುವುದಾ ನನ್ನ ಪಾಪ್ಲಿನ್ ನಂಬುವುದಾ? ಮತ್ತೆ ಕೆಲಸ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಧೂಳು ಕಡಿಮೆ ಮಾಡಿ ಅಂತ ಯಾರಿಗೆ, ಯಾವ ಮಾತಿನಲ್ಲಿ ಹೇಳಿದರೆ ಕೇಳುತ್ತಾರೆ?

ದುರ್ಗದ ಹಳೇ ಗಣಿ

ನೋಡಮ್ಮ, ನಾನು ಚಿತ್ರದುರ್ಗದವನು. ಇಂಗಳದಾಳ್ ತಾಮ್ರದ ಗಣಿ ಮುಚ್ಚುವವರೆಗೂ ನೆಲದೊಳಗೇ ಕೆಲಸ ಮಾಡಿದವನು. ನಿನ್ನ ಪಾಪ್ಲಿನ್ ಹೇಳಿದ್ದು ಸರಿ. ಮದ್ದಿನ ಧೂಳು ಎದ್ದು ಕಾಣುತ್ತದೆ, ದಪ್ಪ ಕಾಳು, ಬೇಗ ಕೆಳಗೆ ಬೀಳುತ್ತದೆ. ಕೊರೆಯುವ ಧೂಳು ಅರೆದ ಹಿಟ್ಟು. ಅದು ಬೇಗ ಕೆಳಗೆ ಬೀಳುವುದಿಲ್ಲ, ಗಾಳಿ ಎತ್ತ ಹೋದರೆ ಅತ್ತ ಹೋಗುತ್ತದೆ. ಈಗ ಮೂಡಗಾಳಿ ಕಾಲ. ನೀನು ಸೈಟಿನ ಪಡುವಲಿಗೆ ಇದ್ದೀಯ. ಅದಕ್ಕೇ ಎಲ್ಲ ನಿನ್ನ ಮನೆಗೆ.

ನಮ್ಮ ಕಡೆ ಬಂಡೆಯಲ್ಲಿ ಬೆಣಚುಕಲ್ಲು ಜಾಸ್ತಿ. ಬೆಣಚು ಅಂದರೆ ಸಿಲಿಕಾ. ಅದರ ನುಣುಪು ಪುಡಿ ಶ್ವಾಸಕೋಶದ ತಳಕ್ಕೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ, ಸುತ್ತ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಅನ್ನುವುದು ಇದನ್ನೇ. ಕೆಜಿಎಫ್‌ನಲ್ಲಿ 1940ರ ದಶಕದಲ್ಲಿ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ 100ಕ್ಕೆ 40ಕ್ಕೂ ಮೇಲೆ ಜನಕ್ಕೆ ಇತ್ತು. ಆದರೆ ಹೆದರಬೇಡ, ಅದು ವರ್ಷಗಟ್ಟಲೆ ಡ್ರಿಲ್ ಹಿಡಿದವರಿಗೆ ಬರುವ ಕಾಯಿಲೆ. ಕೆಲವು ತಿಂಗಳು ಪಕ್ಕದ ಮನೆಯಲ್ಲಿ ಇದ್ದವರಿಗೆ ಅದಲ್ಲ ಮುಖ್ಯ ಭಯ. ಉಬ್ಬಸ ಇರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಉಸಿರಾಟದ ತೊಂದರೆ ಕೆರಳುವುದು ಮಾತ್ರ ನಿಜ.

ಮದ್ದು ಗಾಳಿಗೆ ಏನು ಮಾಡುತ್ತದೆ ಕೇಳಿದೆಯಲ್ಲ. ಕೇಸರಿ ಹೊಗೆ ನೈಟ್ರೋಜನ್ ಡೈಆಕ್ಸೈಡ್. ಮದ್ದು ಪೂರಾ ಉರಿಯದೆ ಹೋದಾಗ, ನೆನೆದಿದ್ದಾಗ, ಮಿಶ್ರಣ ಸರಿ ಇಲ್ಲದಾಗ ಬರುತ್ತದೆ. ಗಾಳಿಗಿಂತ ಭಾರ, ಅದಕ್ಕೇ ಗುಂಡಿಯಲ್ಲಿ ಕೂರುವುದು. ಅದರ ಜೊತೆ ಕಾರ್ಬನ್ ಮಾನಾಕ್ಸೈಡೂ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮದ್ದು ಹೊಡೆದ ಮೇಲೆ ಅದು ಬಂಡೆಯ ಬಿರುಕಿನಲ್ಲಿ ಹಾದು ಪಕ್ಕದ ಮನೆಗಳ ನೆಲಮಾಳಿಗೆಗೆ ಬಂದು ಜನ ಆಸ್ಪತ್ರೆ ಸೇರಿದ ಪ್ರಸಂಗಗಳು ಅಮೆರಿಕದಲ್ಲಿ ದಾಖಲಾಗಿವೆ. ನಿಮ್ಮ ಮನೆಯಲ್ಲಿ ನೆಲದೊಳಗೆ ನೀರಿನ ಸಂಪು ಇದ್ದೇ ಇರುತ್ತದೆ. ಆ ಸೈಟಿನಲ್ಲಿ ಮದ್ದಿನ ಕೆಲಸ ಮುಗಿಯುವವರೆಗೆ ಸಂಪು ತೊಳೆಯಲು ಯಾರನ್ನೂ ಒಳಗೆ ಇಳಿಸಬೇಡ. ಇದೊಂದು ಮಾತು ಬೀದಿಯವರಿಗೆಲ್ಲ ಹೇಳು.

ಗಣಿಯಲ್ಲಿ ನೀರು ಬಿಡದೆ ನಾವು ರಾಡು ಇಟ್ಟಿದ್ದೇ ಇಲ್ಲ. ಜ್ಯಾಕ್‌ಹ್ಯಾಮರಿನ ರಾಡಿನ ನಡುವೆ ತೂತಿರುತ್ತದೆ. ಅದರಲ್ಲಿ ನೀರು ಬಿಟ್ಟರೆ ಪುಡಿ ಕೆಸರಾಗಿ ತೂತಿನ ಬಾಯಿಂದ ಹರಿದು ಬರುತ್ತದೆ, ಗಾಳಿಗೆ ಏಳುವುದೇ ಇಲ್ಲ. 1961ರ ಲೋಹಗಣಿ ನಿಯಮಗಳಲ್ಲೇ ಧೂಳು ತಡೆಯುವ ಕಟ್ಟಳೆ ಇದೆ. ಊರೊಳಗಿನ ಗುಂಡಿ ಗಣಿ ಅಲ್ಲ, ಆ ನಿಯಮ ಅಲ್ಲಿಗೆ ಬರುವುದಿಲ್ಲ. ಕಲ್ಲು ಮಾತ್ರ ಅದೇ ಕಲ್ಲು, ಅಲ್ವಾ?

ಬೆಣ್ಣೆ ಖಾಲಿ

ಅಕ್ಕ, ಊರಲ್ಲಿ ಮಂಡಕ್ಕಿ ಭಟ್ಟಿ ಹೊಗೆ ಕುಡಿದು ಬೆಳೆದವರು ನಾವು. ಕಲ್ಲಿನ ಪುಡಿ ಒಂದು ಬಾಕಿ ಇತ್ತು. (ತಮಾಷೆಗೆ. ನಮ್ಮ ಬೀದಿಯಲ್ಲೂ ಒಂದು ಬೇಸ್‌ಮೆಂಟ್ ಶುರುವಾಗಿದೆ, ಓದುತ್ತಿದ್ದೇನೆ.)

ಸೈಟಿನವನು

ನಾನು ಸಿವಿಲ್ ಎಂಜಿನಿಯರ್. ಇಂಥವೇ ಕೆಲಸ ಮಾಡಿಸುತ್ತೇನೆ, ಈ ಕೆಲಸ ನನ್ನದಲ್ಲ. ಬೈಯುವ ಮೊದಲು ಕೇಳಿ.

ಮೇಡಂ, ಊರೊಳಗೆ ಬಂಡೆ ತೆಗೆಯುವುದು ಯಾರಿಗೂ ಇಷ್ಟದ ಕೆಲಸ ಅಲ್ಲ. ಪಾರ್ಕಿಂಗ್ ಇಲ್ಲದೆ ಕಟ್ಟಿದರೆ ನೀವೇ ರಸ್ತೆಯಲ್ಲಿ ಗಾಡಿ ನಿಲ್ಲಿಸಿದರು ಅಂತ ಬೈಯುತ್ತೀರಿ. ಬ್ರೇಕರಿನಲ್ಲೇ ಪೂರ್ತಿ ಒಡೆದರೆ ತಿಂಗಳುಗಟ್ಟಲೆ ಕಿವಿ ಹೋಗುತ್ತದೆ. ಮದ್ದಿಗೆ ಲೈಸೆನ್ಸ್ ಇರುವ ಬ್ಲಾಸ್ಟರ್ ಬೇಕು, 2008ರ ಸ್ಫೋಟಕ ನಿಯಮಗಳ ಪ್ರಕಾರ ಕಾಗದ ಬೇಕು. ಅದೆಲ್ಲ ಮಾಡಿಕೊಂಡು ಬರುವಷ್ಟರಲ್ಲಿ ಅರ್ಧ ಸೀಸನ್ ಹೋಗಿರುತ್ತದೆ.

ನೀರು ಬಿಟ್ಟು ಕೊರೆಯುವುದು ಹೇಳಿದಷ್ಟು ಸುಲಭ ಅಲ್ಲ. ಬಾಡಿಗೆಗೆ ಬರುವ ಕಂಪ್ರೆಸರ್ ಟ್ರ್ಯಾಕ್ಟರುಗಳಲ್ಲಿ ನೀರಿನ ಲೈನೇ ಇರುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿದರೆ "ಕುಡಿಯೋಕೆ ನೀರಿಲ್ಲ, ಇವರು ಬಂಡೆಗೆ ಕುಡಿಸ್ತಾರೆ" ಅಂತ ಅದಕ್ಕೂ ಜನ ಜಗಳಕ್ಕೆ ಬರುತ್ತಾರೆ. ಸ್ವಲ್ಪ ದಿನ ಸಹಿಸಿಕೊಳ್ಳಿ ಅನ್ನುವುದರಲ್ಲಿ ತಪ್ಪೇನಿದೆ?

ಆದರೂ ಒಂದು ಒಪ್ಪುತ್ತೇನೆ. ಒಡೆದ ಕಲ್ಲನ್ನು ಟಿಪ್ಪರಿಗೆ ತುಂಬುವ ಮೊದಲು ಪೈಪ್ ಹಿಡಿದು ನೆನೆಸುವುದು, ತಾಡಪಾಲು ಕಟ್ಟುವುದು, ಇದಕ್ಕೆ ದುಡ್ಡಿನ ನೆಪ ಹೇಳುವ ಹಾಗಿಲ್ಲ. ಅದು ಬರೀ ಸೋಮಾರಿತನ.

ಸೂಜಿದಾರ

@ಸೈಟಿನವನು, ಸಾರ್, ನೀವು ಕೊನೆಗೆ ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಆದರೆ "ಸಹಿಸಿಕೊಳ್ಳಿ" ಅನ್ನುವುದಕ್ಕೆ ಒಂದು ಮಾತು. ಮದುವೆ ಸೀಸನ್ನಿನಲ್ಲಿ ಅಳತೆ ತಪ್ಪಿ ಬ್ಲೌಸು ಬಿಗಿ ಆದರೆ ನಾನು ಗಿರಾಕಿಗೆ "ಸ್ವಲ್ಪ ದಿನ ಸಹಿಸಿಕೊಳ್ಳಿ" ಅಂತ ಹೇಳಿ ಕಳಿಸಿದರೆ ಅವರು ದುಡ್ಡು ಕೊಡುತ್ತಾರಾ? ಬಿಚ್ಚಿ ಹೊಲಿದು ಕೊಡಬೇಕು. ಅದು ನನ್ನ ಖರ್ಚು, ಗಿರಾಕಿಯದಲ್ಲ. ಟ್ಯಾಂಕರಿನ ಖರ್ಚೂ ಹಾಗೇ. ಈಗ ಅದನ್ನು ನಮ್ಮ ಅತ್ತೆ ಪಂಪಿನ ಬಿಲ್ಲಿನಲ್ಲಿ ಕಟ್ಟುತ್ತಿದ್ದಾರೆ.

@ದುರ್ಗದ ಹಳೇ ಗಣಿ, ಸಂಪಿನ ವಿಷಯ ಕೇಳಿ ಎದೆ ಝಲ್ ಅಂದಿತು ಅಣ್ಣ. ಎದುರು ಮನೆಯವರು ಇದೇ ಭಾನುವಾರ ಸಂಪು ತೊಳೆಸುವವರಿದ್ದರು. ಹೋಗಿ ಹೇಳಿ ಬಂದೆ. ಮೊದಲು ನಕ್ಕರು, ಆಮೇಲೆ ಮುಂದಕ್ಕೆ ಹಾಕಿದರು. ಆ ಮೊಬೈಲಿನ ಹಸಿರಿನ ಬಗ್ಗೆ ಯಾರಾದರೂ ಹೇಳಿ.

ಗಾಳಿಲೆಕ್ಕ

ಹಸಿರೂ ಸುಳ್ಳಲ್ಲ, ಪಾಪ್ಲಿನ್ನೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಕಡೆಯ ಲೆಕ್ಕ.

ದಾವಣಗೆರೆಯಲ್ಲಿ ದಿನವಿಡೀ ತಾನೇ ಅಳೆಯುವ ಕೇಂದ್ರ ಇರುವುದು ದೇವರಾಜ ಅರಸು ಬಡಾವಣೆಯಲ್ಲಿ. ಅಲ್ಲಿನ ಯಂತ್ರಕ್ಕೆ ಹದಡಿ ರಸ್ತೆಯ ನಿಮ್ಮ ಅಡ್ಡರಸ್ತೆ ಗೊತ್ತಾಗುವುದಿಲ್ಲ. ಇನ್ನೊಂದು, ಮೊಬೈಲಿನಲ್ಲಿ ಬರುವ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಸೂಚ್ಯಂಕ) ನಂಬರಿನಲ್ಲಿ ಧೂಳಿನ ಭಾಗ 24 ಗಂಟೆಯ ಸರಾಸರಿ. ಬೆಳಗ್ಗೆ ಎರಡು ಗಂಟೆ ಕಣ್ಣು ಬಿಡಲಾಗದಷ್ಟು ಧೂಳು ಇದ್ದು ರಾತ್ರಿಯೆಲ್ಲ ಗಾಳಿ ತಿಳಿಯಾಗಿದ್ದರೆ ಸರಾಸರಿ ಚೆನ್ನಾಗೇ ಕಾಣುತ್ತದೆ. ಉಬ್ಬಸಕ್ಕೆ ಆ ಎರಡು ಗಂಟೆ ಸಾಕು.

ನಮ್ಮ ದೇಶದ ಮಿತಿ 2009ರಲ್ಲಿ ಮಾಡಿದ್ದು. ಪಿಎಂ10, ಅಂದರೆ 10 ಮೈಕ್ರಾನಿಗಿಂತ ಸಣ್ಣ ಧೂಳು, ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ ದಾಟಬಾರದು. ಅದಕ್ಕಿಂತ ನುಣುಪಾದ ಪಿಎಂ2.5 ಧೂಳು 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 45 ಮತ್ತು 15. ನಿಮ್ಮ ಪಾಪ್ಲಿನ್ ಇದನ್ನು ಅಳೆಯುವುದಿಲ್ಲ. ಅದು ಹಿಡಿಯುವುದು ಮುಖ್ಯವಾಗಿ ಬಂದು ಬೀಳುವ ದಪ್ಪ ಧೂಳನ್ನು. ಆದರೆ ಯಾವ ದಿಕ್ಕಿನಿಂದ, ಯಾವ ಹೊತ್ತಿನಲ್ಲಿ, ಯಾವ ಕೆಲಸದಿಂದ ಬಂತು ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ತಾರೀಕು ಬರೆದಿಟ್ಟಿದ್ದೀರಲ್ಲ, ಜಾಣತನ. ಬಿಸಾಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಫೋಟೋ ತೆಗೆದಿಡಿ.

ಇನ್ನು ಕಾನೂನು. ಇಲ್ಲಿ ದಾವಣಗೆರೆಯವರಿಗೆ ಒಂದು ಅನುಕೂಲ ಇದೆ, ಅನುಕೂಲ ಅಂತ ಹೇಳಲು ಬೇಜಾರು. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿಯ ಮಿತಿ ಮೀರಿದ ಊರುಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದ್ದು ನಾಲ್ಕೇ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ನಾವು ಬೆಣ್ಣೆದೋಸೆಗೆ ಹೆಸರುವಾಸಿ ಅಂದುಕೊಂಡಿದ್ದೆವು.

2018ರ ಜನವರಿ 25ರಂದು ಪರಿಸರ ಸಂರಕ್ಷಣೆ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಮಿತಿ ಮೀರಿದ ಊರುಗಳಲ್ಲಿ ಕಟ್ಟಡ ಕೆಲಸಕ್ಕೆ ಅದನ್ನು ಕಡ್ಡಾಯ ಮಾಡಿದ್ದಾರೆ. ಧೂಳು ತಡೆಯುವ ವ್ಯವಸ್ಥೆ ಇಲ್ಲದೆ ನೆಲ ಅಗೆಯುವ ಹಾಗಿಲ್ಲ. ಮಣ್ಣು ಮರಳು ಮುಚ್ಚದೆ ಬಿಡುವ ಹಾಗಿಲ್ಲ. ಗಾಳಿ ತಡೆಗೆ ಮರೆ ಕಟ್ಟಬೇಕು, ನೀರು ಚಿಮುಕಿಸಬೇಕು, ಸಾಮಾನು ಸಾಗಿಸುವ ಗಾಡಿಗೆ ಹೊದಿಕೆ ಬೇಕು. ಅಷ್ಟೇ ಅಲ್ಲ, ಧೂಳಿಗೆ ಏನು ಕ್ರಮ ತಗೊಂಡಿದ್ದೇವೆ ಅಂತ ಸೈಟಿನ ಮುಂದೆ ಜನಕ್ಕೆ ಕಾಣುವ ಹಾಗೆ ಬೋರ್ಡ್ ಹಾಕಬೇಕು. ಹೋಗಿ ನೋಡಿ, ಆ ಬೋರ್ಡ್ ಇದೆಯಾ? ಬಹಳ ಕಡೆ ಇರುವುದು "ಒಳಗೆ ಪ್ರವೇಶವಿಲ್ಲ" ಒಂದೇ.

ಆದ್ದರಿಂದ "ಧೂಳು ಬರ್ತಿದೆ, ಏನಾದರೂ ಮಾಡಿ" ಅಂತ ಕೇಳಬೇಡಿ. ಹಾಗೆ ಕೇಳಿದರೆ ನೋಡೋಣ ಅನ್ನುತ್ತಾರೆ. "2018ರ ತಿದ್ದುಪಡಿ ಪ್ರಕಾರ ಮರೆ ಎಲ್ಲಿ, ನೀರು ಎಲ್ಲಿ, ಬೋರ್ಡ್ ಎಲ್ಲಿ" ಅಂತ ಕೇಳಿ. ಮಹಾನಗರ ಪಾಲಿಕೆಗೆ ಒಂದು ಅರ್ಜಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅದರ ಪ್ರತಿ. ಕೈಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲೂ ದೂರು ದಾಖಲಿಸಬಹುದು. ಮದ್ದಿನ ಅನುಮತಿ ಪತ್ರ ನೋಡಬೇಕಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

ಡ್ರಿಲ್ ಹುಡುಗ

ನಾನು ಆ ಸೈಟಲ್ಲ, ಆದರೆ ಅದೇ ಕೆಲಸ. ಹೊಸದುರ್ಗ ಕಡೆಯವನು. ನಾವು ಬೋರ್‌ವೆಲ್ ಲಾರಿಯಲ್ಲೂ ಮಾಡಿದ್ದೇವೆ, ಕಂಪ್ರೆಸರಲ್ಲೂ ಮಾಡಿದ್ದೇವೆ. ಬೋರ್ ಕೊರೆಯುವಾಗ ನೀರು ಸಿಗುವವರೆಗೆ ಬರುವ ಬಿಳಿ ಹೊಗೆ ನೀವೆಲ್ಲ ನೋಡಿದ್ದೀರಿ, ಅದೇ ಪುಡಿ.

ಅಕ್ಕ, ನಿಮ್ಮ ಮನೆಗೆ ಬರುವುದು ನಮ್ಮ ಮುಖಕ್ಕೆ ಹೊಡೆದು ಉಳಿದಿದ್ದು. ಟವೆಲ್ ಕಟ್ಟಿಕೊಳ್ಳುತ್ತೇವೆ. ಸಂಜೆ ಮೂಗು ಸೀದಿದರೆ ಸಿಮೆಂಟ್ ಬಂದ ಹಾಗೆ ಬರುತ್ತದೆ. ನೀರು ಹಾಕಿ ಅಂತ ನಾವು ಕೇಳಿದರೆ ನಾಳೆ ಬೇರೆ ಹುಡುಗ ಬರುತ್ತಾನೆ. ನೀವು ಕೇಳಿದರೆ ನಮಗೂ ಒಳ್ಳೆಯದು.

ನೀರಿನ ಲೈನ್ ಇಲ್ಲದಿದ್ದರೂ ಒಂದು ಉಪಾಯ ಇದೆ. ತೂತಿನ ಬಾಯಿಗೆ ಒದ್ದೆ ಗೋಣಿಚೀಲ ಸುತ್ತಿ, ಒಬ್ಬ ಪಕ್ಕದಲ್ಲಿ ನಿಂತು ಮಗ್ಗಿನಲ್ಲಿ ನೀರು ಬಿಡುತ್ತಾ ಇದ್ದರೆ ಪುಡಿ ಅರ್ಧಕ್ಕರ್ಧ ಏಳುವುದಿಲ್ಲ. ಒಬ್ಬ ಆಳು ಜಾಸ್ತಿ ಬೇಕು, ಅಷ್ಟೇ. ಅದಕ್ಕೇ ಮಾಡುವುದಿಲ್ಲ.

ನೈಟ್ ಪಾಳಿ

ನರ್ಸ್. ಮನೆಯೊಳಗಿನ ವಿಷಯ ಯಾರೂ ಹೇಳಲಿಲ್ಲ, ಹೇಳಿಬಿಡುತ್ತೇನೆ.

ಪೊರಕೆ ಹಿಡಿಯಬೇಡಿ. ಕೂತ ಧೂಳನ್ನು ಎಬ್ಬಿಸಿ ಅತ್ತೆಗೆ ಕುಡಿಸಿದ ಹಾಗೆ ಆಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೆಷಿನ್ ಮೇಜೂ ಸೇರಿ. ಕೊರೆಯುವ ಹೊತ್ತಿನಲ್ಲಿ ಮೂಡಲ ಕಿಟಕಿ ಹಾಕಿ, ಕೆಲಸ ನಿಂತು ಸ್ವಲ್ಪ ಹೊತ್ತಾದ ಮೇಲೆ ಪಡುವಲ ಕಿಟಕಿ ತೆಗೆಯಿರಿ. ಅತ್ತೆಯ ಮಂಚ ಪಡುವಲ ಕೋಣೆಗೆ ಹಾಕಿ. 2020ರಲ್ಲಿ ನೀವು ಬಟ್ಟೆ ಮಾಸ್ಕ್ ಹೊಲಿದಿರುತ್ತೀರಿ, ಅದು ಇದಕ್ಕೆ ಆಗುವುದಿಲ್ಲ, ನುಣುಪು ಧೂಳು ನೇಯ್ಗೆಯಲ್ಲೇ ನುಗ್ಗುತ್ತದೆ. ಎನ್95 ಬೇಕು, ಅದೂ ಮೂಗಿನ ಪಕ್ಕ ಸಂದಿ ಇರದ ಹಾಗೆ.

ಪಂಪನ್ನು ನೇರ ಬಾಯಿಗೆ ಹೊಡೆದುಕೊಳ್ಳುತ್ತಾರಾ? ವಯಸ್ಸಾದವರಿಗೆ ಅರ್ಧ ಔಷಧ ಗಂಟಲಲ್ಲೇ ಉಳಿಯುತ್ತದೆ. ಸ್ಪೇಸರ್ ಅಂತ ಪ್ಲಾಸ್ಟಿಕ್ ಕೊಳವೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದನ್ನು ಹಾಕಿ ಕೊಡಿ. ಮತ್ತೆ ಪಂಪಿನ ಬಳಕೆ ಜಾಸ್ತಿ ಆಗಿದೆ ಅಂದರೆ ಡೋಸು ನೀವೇ ಏರಿಸಬೇಡಿ, ಒಂದು ಸಲ ಡಾಕ್ಟರಿಗೆ ತೋರಿಸಿ ಬನ್ನಿ. ಮಾತಾಡುವಾಗ ವಾಕ್ಯ ಮುಗಿಸಲಾಗದೆ ಏದುಸಿರು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಮಾವನ ಕೆಮ್ಮನ್ನೂ ಪಕ್ಕಕ್ಕಿಡಬೇಡಿ. ಹತ್ತಿ ಮಿಲ್ಲಿನ ಧೂಳಿಗೂ ಅದರದೇ ಕಾಯಿಲೆ ಇದೆ. ಜೊತೆಗೇ ಕರೆದುಕೊಂಡು ಹೋಗಿ.

ಸೂಜಿದಾರ

ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಆಗಿದೆ, ಸ್ವಲ್ಪ ಆಗಿಲ್ಲ.

ಬೋರ್ಡ್ ಇರಲಿಲ್ಲ. ಪಾಪ್ಲಿನ್ ತುಂಡುಗಳನ್ನೆಲ್ಲ ಒಂದು ಹಳೇ ಕ್ಯಾಲೆಂಡರ್ ಹಾಳೆಗೆ ಸಾಲಾಗಿ ಪಿನ್ ಮಾಡಿ, ಕೆಳಗೆ "ಕೊರೆತ", "ಮದ್ದು", "ಟಿಪ್ಪರ್", "ರಜೆ" ಅಂತ ಬರೆದು ಸೈಟಿಗೆ ತಗೊಂಡು ಹೋದೆ. ಎದುರು ಮನೆಯವರು, ಮೂಲೆಯ ಕಿರಾಣಿ ಅಂಗಡಿಯವರು ಜೊತೆಗೆ ಬಂದರು. ಮೇಲ್ವಿಚಾರಕರು ಮೊದಲು ಅದನ್ನೇನೋ ಬಟ್ಟೆ ಸ್ಯಾಂಪಲ್ ಅಂದುಕೊಂಡರು. ರಜೆಯ ದಿನದ ತುಂಡು ಬೆಳ್ಳಗಿತ್ತು, ಪಕ್ಕದ್ದು ಬೂದಿ. ಅದನ್ನು ನೋಡಿದ ಮೇಲೆ "ಒಂದು ನಿಮಿಷದ ಕೆಲಸ" ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ. 2018ರ ನಿಯಮ ಅಂದಾಗ "ಅದು ಬೆಂಗಳೂರಿಗೆ" ಅಂದರು. ನಾಲ್ಕು ಊರಿನ ಹೆಸರು ಹೇಳಿದೆ.

ಮಾಲೀಕರಿಗೆ ಫೋನ್ ಹೋಯಿತು. ಎರಡನೇ ದಿನಕ್ಕೆ ಒಂದು ಸಿಂಟೆಕ್ಸ್ ಟ್ಯಾಂಕ್ ಬಂತು, ಪೈಪ್ ಬಂತು. ಡ್ರಿಲ್ ಹುಡುಗ ಹೇಳಿದ ಗೋಣಿಚೀಲದ ಉಪಾಯವನ್ನು ನಾನೇ ಹೇಳಿಕೊಟ್ಟೆ. ಕೊರೆಯುವವನು ನನ್ನ ಮುಖ ನೋಡಿ, "ನಿಮಗೆ ಹೆಂಗೆ ಗೊತ್ತು" ಅಂದ. ಈಗ ತೂತಿನ ಬಾಯಲ್ಲಿ ಬಿಳಿ ಹೊಗೆ ಬದಲು ಬೂದು ಕೆಸರು ಬರುತ್ತದೆ, ತೆಳು ದೋಸೆ ಹಿಟ್ಟಿನ ಹದ. ಮೂಡಲ ಕಡೆಗೆ ಹಸಿರು ನೆಟ್ ಕಟ್ಟಿದ್ದಾರೆ, ಗೇಟಿನ ಕಡೆ ಕಟ್ಟಿಲ್ಲ. ಮೂಡಗಾಳಿಗೆ ಮೂಡಲಲ್ಲಿ ಮರೆ ಕಟ್ಟಿದರೆ ನಮಗೇನು ಬಂತು? ಮರೆ ಬೇಕಿರುವುದು ನಮ್ಮ ಕಡೆಗೆ, ಪಡುವಲಿಗೆ. ಅದನ್ನು ಹೇಳಿದ್ದೇನೆ, ಇನ್ನೂ ಆಗಿಲ್ಲ.

ಟಿಪ್ಪರ್ ವಿಷಯ ಮಾತ್ರ ಹಾಗೇ ಇದೆ. ಗಾಡಿ ಬೇರೆಯವರದು, ನಮಗೆ ಸಂಬಂಧ ಇಲ್ಲ ಅಂತ ಒಬ್ಬರ ಮೇಲೆ ಒಬ್ಬರು ಹಾಕುತ್ತಾರೆ. ತಾಡಪಾಲು ಡ್ರೈವರ್ ಸೀಟಿನ ಹಿಂದೆ ಮಡಚಿಟ್ಟಿರುತ್ತದೆ, ನಾನೇ ನೋಡಿದ್ದೇನೆ. ಚರಂಡಿ ದಾಟುವಾಗ ಗಾಡಿ ಕುಲುಕಿ ಅರ್ಧ ಬುಟ್ಟಿ ಜಲ್ಲಿ ಪುಡಿ ರಸ್ತೆಗೆ ಬೀಳುತ್ತದೆ, ಆಮೇಲೆ ಬೈಕಿನವರೆಲ್ಲ ಸೇರಿ ಅದನ್ನು ಅರೆಯುತ್ತಾರೆ.

ಅತ್ತೆಗೆ ಸ್ಪೇಸರ್ ತಂದಿದ್ದೇನೆ. ಮೊದಲು ಬೇಡ ಅಂದರು, ಈಗ ಅದಿಲ್ಲದೆ ಆಗುವುದಿಲ್ಲ. ಮಾವ ಡಾಕ್ಟರ ಹತ್ತಿರ ಬರಲು ಒಪ್ಪಿಲ್ಲ, ನೋಡೋಣ.

ದುರ್ಗದ ಹಳೇ ಗಣಿ

ಭೇಷ್ ಕಣಮ್ಮ. ಇನ್ನೊಂದು ಹೇಳಲು ಮರೆತಿದ್ದೆ. ಕೇಸರಿ ಹೊಗೆ ಬಂದ ದಿನ ತಾರೀಕು ಸಮೇತ ಫೋಟೋ ತೆಗೆದಿಡು. ಪದೇ ಪದೇ ಬರುತ್ತಿದ್ದರೆ ಬ್ಲಾಸ್ಟರಿಗೇ ನೇರವಾಗಿ ತೋರಿಸು, ಮೇಲ್ವಿಚಾರಕನಿಗಲ್ಲ. ತೂತಿನಲ್ಲಿ ನೀರು ನಿಂತಿದ್ದರೆ ನೀರು ತಾಳುವ ಎಮಲ್ಷನ್ ಮದ್ದು ಹಾಕಬೇಕು ಅಂತ ಅವನಿಗೆ ಗೊತ್ತಿರುತ್ತದೆ. ಈಗ ನೀರು ಬಿಟ್ಟು ಕೊರೆಯುತ್ತಿದ್ದಾರೆ ಅಂದರೆ ಇದು ಇನ್ನೂ ಮುಖ್ಯ.

ಸೂಜಿದಾರ

ಬರೆದುಕೊಂಡೆ ಅಣ್ಣ. ಟಿಪ್ಪರ್ ಮತ್ತು ಪಡುವಲ ಮರೆ, ಇವೆರಡಕ್ಕೆ ಪಾಲಿಕೆಗೂ ಮಂಡಳಿಗೂ ಅರ್ಜಿ ರೆಡಿ ಇದೆ. @ಬೆಣ್ಣೆ ಖಾಲಿ, ನಿಮ್ಮ ಬೀದಿಯಲ್ಲೂ ಬೇಸ್‌ಮೆಂಟ್ ಶುರುವಾಗಿದೆ ಅಂದಿರಲ್ಲ, ಅಲ್ಲಿ ಬೋರ್ಡ್ ಇದೆಯಾ ನೋಡಿ ಹೇಳಿ. ಎರಡು ಬೀದಿಯವರು ಸೇರಿ ಒಂದೇ ಅರ್ಜಿ ಕೊಟ್ಟರೆ ತೂಕ ಜಾಸ್ತಿ. ಸಹಿ ಹಾಕುವವರು ಇದ್ದರೆ ಶನಿವಾರದ ಒಳಗೆ ಮೆಸೇಜ್ ಮಾಡಿ. ಮತ್ತೆ ಬಿಳಿ ಪಾಪ್ಲಿನ್ ತುಂಡು ಬೇಕಾದರೆ ನನ್ನ ಹತ್ತಿರ ಬೇಕಾದಷ್ಟಿದೆ, ದುಡ್ಡು ಬೇಡ.